ತಾಮ್ರದ ಕೊಡ

ಹಿಂದಿನ ಸುಗ್ಗಿಯಲ್ಲಿ ತವರಿಗೆ ಹೋದಾಗ ಹೆಳವರು ಬಂದಿದ್ದರು. ಧಾರವಾಡದ ಕಡೆ ಹೆಳವರೆಂದರೆ ಮನೆತನಗಳ ಪೀಳಿಗೆಯನ್ನು ಬರೆದಿಟ್ಟುಕೊಂಡು, ಊರೂರು ತಿರುಗಿ ಹೇಳುವವರು. ಮೊದಲೆಲ್ಲ ಎತ್ತಿನ ಮೇಲೆ ಬರುತ್ತಿದ್ದರು. ಇವರು ಬಂದದ್ದು ಮೋಟರ್ ಸೈಕಲ್ಲಿನಲ್ಲಿ. ಹೊತ್ತಿಗೆ ಮಾತ್ರ ಬಟ್ಟೆಯ ಗಂಟಿನಲ್ಲೇ ಇತ್ತು. ಅಣ್ಣ ಜಮಖಾನೆ ಹಾಸಿದ. ಮೂಲಪುರುಷ ಎಲ್ಲಿಂದ ಬಂದ, ಮಕ್ಕಳೆಷ್ಟು, ಯಾರು ಊರು ಬಿಟ್ಟರು ಎಂದು ಏಳು ತಲೆಮಾರು ಓದಿದರು. ಕೇಳುತ್ತ ಮೈ ಜುಮ್ಮೆಂದಿತು.

"ನಮ್ಮ ಅಜ್ಜಿ ಹೆಸರು ಎಲ್ಲೈತ್ರೀ?" ಎಂದೆ.

"ಇದರಾಗ ಗಂಡಸರದಷ್ಟ ಐತಿ ತಂಗೀ," ಎಂದು ಹೊತ್ತಿಗೆ ಕಟ್ಟಿದರು. ಅಣ್ಣ ಜೋಳ, ಧೋತರ ಕೊಟ್ಟು ಕಳಿಸಿದ.

ನಮ್ಮ ಮನೆತನದಲ್ಲಿ ಸೊಸೆಯರ ಹೆಸರು ಬದಲಿಸುವ ರೂಢಿ. ನಾವು ಕೇಳಿದ್ದು ಅಜ್ಜಿಗೆ ಗಂಡನ ಮನೆಯವರಿಟ್ಟ ಹೆಸರು. ಹುಟ್ಟುಹೆಸರು? ಅಣ್ಣನಿಗೂ ಗೊತ್ತಿರಲಿಲ್ಲ. ಈಗಿನ ಕಂಪ್ಯೂಟರ್ ಪಹಣಿಯಲ್ಲಿ ಹಳಬರು ಸಿಗುವುದಿಲ್ಲವೆಂದು, ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು ಕೈಬರಹದ ನಕಲು ತೆಗೆಸಿದೆ. ಅಜ್ಜ ತೀರಿಕೊಂಡಾಗಿನ ವಾರಸಾ ನೋಂದಣಿಯಲ್ಲಿ ಅಜ್ಜಿ ಇದ್ದಳು. ಅದೇ ಗಂಡನ ಮನೆಯ ಹೆಸರು! ಶಾಲೆಯ ದಾಖಲಾತಿ ಪುಸ್ತಕ ನೋಡೋಣವೆಂದರೆ ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಉಳಿದವಳು ಸೋದರತ್ತೆ. ಹಾಳೆ, ಪೆನ್ನು ಹಿಡಿದು ಕೂತೆ. "ಯಾಂವಗ ನೆನಪೈತವ್ವಾ" ಎಂದು ಮುಖ ತಿರುವಿದಳು. ನೀವು ಈ ತಪ್ಪು ಮಾಡಬೇಡಿ. ಹಿರಿಯರನ್ನು ಅವರೆ ಸುಲಿಯುವಾಗ, ಶಾವಿಗೆ ಹೊಸೆಯುವಾಗ ಮಾತಿಗೆಳೆಯಬೇಕು. ಇಸವಿ ಕೇಳಬಾರದು; 1972ರ ಬರಕ್ಕೆ ಮೊದಲೋ ಆಮೇಲೋ, ಆಗ ಯಾರು ಹೊಟ್ಟೆಯಲ್ಲಿದ್ದರು ಎಂದು ಕೇಳಬೇಕು. ಬಸುರಿ ಬಾಣಂತನದ ಲೆಕ್ಕ ಹೆಂಗಸರಿಗೆ ತಪ್ಪುವುದಿಲ್ಲ. ಹಳೇ ಫೋಟೋಗಳ ಬೆನ್ನನ್ನೂ ನೋಡಿ. ಲಗ್ನಪತ್ರಿಕೆ ಕಂಡರಂತೂ ಎಸೆಯಲೇಬೇಡಿ, ಎರಡೂ ಕಡೆಯ ಬೀಗರು, ಊರು, ತಾರೀಖು ಎಲ್ಲ ಒಂದೇ ಹಾಳೆಯಲ್ಲಿ ಇರುತ್ತವೆ.

ಮೂರನೆಯ ದಿನ ಅವರೆ ಸುಲಿಯುತ್ತ ಅತ್ತೆ ತಾನಾಗಿ ಅಂದಳು: "ಅಟ್ಟದ ಮ್ಯಾಲಿನ ತಾಮ್ರದ ಕೊಡ ನೋಡಿಯೇನು? ಅವ್ವನ ತವರಿಂದ ಬಂದದ್ದು."

ಕೊಡ ಮಸಿಗಟ್ಟಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿ, ಒರೆಸಿ, ಕಂಠದ ಸುತ್ತ ರಂಗೋಲಿ ಪುಡಿ ಸವರಿದೆ. ಕೊರೆದ ಗೆರೆಗಳೊಳಗೆ ಪುಡಿ ನಿಂತು ಬಿಳಿ ಅಕ್ಷರ ಎದ್ದವು. ಊರ ಹೆಸರು, ಆಮೇಲೆ ಅಜ್ಜಿಯದು. ಅತ್ತೆಗೂ ಅದು ಹೊಸದು. ಎರಡು ಸಲ ಓದಿಸಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅಜ್ಜಿ ಮಗಳಿಗೂ ಹೇಳದ ಹೆಸರನ್ನು ಅಚ್ಚು ಹಾಕಿಸಲು ಮನಸ್ಸಾಗಲಿಲ್ಲ.

ಹೆಳವರು ಮತ್ತೆ ಬಂದಾಗ ಬರೆಸು ಎಂದು ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ನಕ್ಕ. ಆಮೇಲೆ, "ಬರಸ್ತೇನಿ. ನಿಂದೂ ಬರಸಲೇನು? ಯಾವ ಹೆಸರು, ನಮ್ಮನಿದೋ ನಿಮ್ಮನಿದೋ?" ಎಂದ.

ಒಲೆಯ ಮೇಲೆ ಹಾಲಿದೆ ಎಂದು ಫೋನು ಇಟ್ಟೆ.