ಮನೆಯೊಳಗಿನ ಏರಿಯಲ್

ಕಣ್ಣು ಮಂಜಾಗಿ ಓದು ನಿಂತ ವೃದ್ಧರಿಗೆ ರೇಡಿಯೋ ಬರಿಯ ವಿನೋದವಲ್ಲ, ದಿನವಿಡೀ ಜೊತೆಗಿರುವ ಬಂಧು. ಆ ಬಂಧುವಿನ ಮಾತು ಗೊರಗೊರ ಸದ್ದಿನಲ್ಲಿ ಮುಳುಗಿದರೆ ಅವರಿಗೆ ಮನೆಯೇ ಶೂನ್ಯವಾಗುವುದು. ಬೆಂಗಳೂರಿನ ನಮ್ಮ ಮನೆಯಲ್ಲಿ ಆಕಾಶವಾಣಿಯ 101.3 ಮೆಗಾಹರ್ಟ್ಸ್ ಎಫ್‌ಎಂ ಪ್ರಸಾರವನ್ನು ಕೇಳುವ ನಮ್ಮ ತಾಯಿಯವರಿಗೆ ಇದೇ ಕಷ್ಟ ಒದಗಿತ್ತು. ಹೊಸ ರೇಡಿಯೋ ತರುವ ಮಾತೂ ನಡೆದಿತ್ತು.

ಎಫ್‌ಎಂ ಅಲೆಗಳು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗತಕ್ಕವು. ಕಬ್ಬಿಣದ ಸರಳುಳ್ಳ ಕಾಂಕ್ರೀಟು ಗೋಡೆಯು ಅವುಗಳ ಬಲವನ್ನು ಕುಗ್ಗಿಸುತ್ತದೆ. ನೇರವಾಗಿ ಬಂದ ಅಲೆಯೂ ಕಟ್ಟಡಗಳಿಗೆ ತಾಗಿ ಮರಳಿದ ಅಲೆಯೂ ಒಂದೆಡೆ ಕೂಡಿ ಬಲಗೊಂಡರೆ, ಒಂದೆರಡು ಮೊಳದ ಆಚೆಗೆ ಒಂದನ್ನೊಂದು ಅಳಿಸುವುದೂ ಉಂಟು. ಆದುದರಿಂದ ಯಂತ್ರದ ಬೆಲೆಗಿಂತ ಏರಿಯಲ್ ಇರುವ ಸ್ಥಳವೇ ಮುಖ್ಯವು.

ಈ ಅಲೆಯ ಉದ್ದ ಸುಮಾರು 3 ಮೀಟರು. ಅದರ ಕಾಲುಭಾಗಕ್ಕೆ ತುಸು ಕಡಮೆ, ಎಂದರೆ ತಲಾ 70 ಸೆಂಟಿಮೀಟರಿನ ಎರಡು ತೋಳುಳ್ಳ ‘ಟಿ’ ಆಕಾರದ ತಂತಿಯನ್ನು ಮರದ ಪಟ್ಟಿಗೆ ಕಟ್ಟಿ, ರೇಡಿಯೋವಿನ ಏರಿಯಲ್ ಕಿಂಡಿಗೆ ಜೋಡಿಸಿದೆವು. ಕಬ್ಬಿಣದ ಬೀರು, ಎಲ್‌ಇಡಿ ದೀಪ, ಮೊಬೈಲ್ ಚಾರ್ಜರುಗಳಿಂದ ದೂರವಾಗಿ, ಕಿಟಕಿಯ ಬಳಿ ಎತ್ತರದಲ್ಲಿಟ್ಟು, ಅಡ್ಡವಾಗಿಯೂ ನೆಟ್ಟಗೂ ತಿರುಗಿಸಿ ನೋಡಿದೆವು. ಮನುಷ್ಯನ ದೇಹವೂ ಅಲೆಯನ್ನು ತಡೆಯುವುದರಿಂದ ಪ್ರತಿಸಲವೂ ಹಿಂದೆ ಸರಿದು ನಿಂತೆವು. ಪರೀಕ್ಷಕರು ತಾಯಿಯವರೇ. “ಅಲ್ಲೇ ಇರಲಿ, ಈಗ ಹಾಡಿನ ಹಿಂದಿನ ಕೊಳಲೂ ಕೇಳುತ್ತಿದೆ” ಎಂದು ಅವರು ಹೇಳಿದ ಎಡೆಯಲ್ಲಿ ಮೊಳೆ ಹೊಡೆದೆವು.

ಏರಿಯಲ್ ಕಿಂಡಿಯಿಲ್ಲದ ರೇಡಿಯೋವಾದರೆ, ಅದರ ಕಡ್ಡಿಯನ್ನು ಸುಮಾರು 70 ಸೆಂಟಿಮೀಟರಿನವರೆಗೆ ಎಳೆದು, ರೇಡಿಯೋವನ್ನೇ ಸರಿಸಿ ನೋಡಬಹುದು. ಸ್ಟೀರಿಯೋದಲ್ಲಿ ಉಳಿಯುವ ಸುಯ್ಯೆಂಬ ಸದ್ದು ಮೋನೋಗೆ ತಿರುಗಿಸಿದರೆ ಬಹಳ ತಗ್ಗುವುದು. ಮನೆಯಲ್ಲಿ ವೃದ್ಧರಿರುವ ಗೃಹಸ್ಥರು ಅಂಗಡಿಗೆ ಹೊರಡುವ ಮುನ್ನ ಒಂದು ಸಂಜೆಯನ್ನು ಇದಕ್ಕಾಗಿ ವಿನಿಯೋಗಿಸಲಿ.