ಗುಳಿಗೆ ಆರಂಭಿಸಿದರೆ ಮುಗಿಯಿತೇ?

ಹೇಳಿಕೊಳ್ಳಲು ಸಂಕೋಚವೆನಿಸುವ ವಿಷಯವೊಂದನ್ನು ಇಂದು ವಾಚಕ ಬಂಧುಗಳ ಮುಂದಿಡುತ್ತಿದ್ದೇನೆ. ಅರವತ್ತು ದಾಟಿದ ಗಂಡಸರಲ್ಲಿ ಅನೇಕರು ಇದನ್ನು ಅನುಭವಿಸುತ್ತಾರೆ. ಆದರೆ ಮನೆಯವರೊಡನೆಯೂ ಮಾತನಾಡುವುದಿಲ್ಲ. ನಾನೂ ಅಂಥವರಲ್ಲಿ ಒಬ್ಬನಾಗಿದ್ದೆ. ಆ ಮೌನಕ್ಕೆ ಬೆಲೆ ತೆತ್ತ ಮೇಲೆ, ನಾಲ್ಕು ಮಾತು ಬರೆಯುವುದು ಕರ್ತವ್ಯವೆನಿಸಿತು.

ಪ್ರೌಢಶಾಲೆಯಲ್ಲಿ ೩೪ ವರ್ಷ ಗಣಿತ ಕಲಿಸಿ, ನಿವೃತ್ತನಾಗಿ ಧಾರವಾಡದಲ್ಲಿ ನೆಲೆಸಿದವನು ನಾನು. ೬೭ನೆಯ ವಯಸ್ಸಿನಲ್ಲಿ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವಂತಾಯಿತು. ಬೆಳಗಿನ ಲಿಂಗಪೂಜೆಗೆ ಕುಳಿತರೆ ನಡುವೆ ಒಮ್ಮೆ ಏಳಲೇಬೇಕಾಗುತ್ತಿತ್ತು. ಮದುವೆ, ಜಾತ್ರೆಗಳಿಗೆ ಬಸ್ಸಿನಲ್ಲಿ ಹೋಗುವುದನ್ನೇ ಬಿಟ್ಟೆ. ಕೊನೆಗೆ ಮಗನ ಒತ್ತಾಯಕ್ಕೆ ಹುಬ್ಬಳ್ಳಿಯ ಮೂತ್ರರೋಗ ತಜ್ಞರೊಬ್ಬರನ್ನು ಕಂಡೆ.

ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುವ ಪ್ರಾಸ್ಟೇಟ್ ಗ್ರಂಥಿಯು ವಯಸ್ಸಾದಂತೆ ದೊಡ್ಡದಾಗಿ ನಾಳವನ್ನು ಒತ್ತುತ್ತದೆಯೆಂದೂ, ಇದು ಕ್ಯಾನ್ಸರ್ ಅಲ್ಲವೆಂದೂ ಅವರು ತಿಳಿಸಿದರು. ಏಳು ಪ್ರಶ್ನೆಗಳ ಒಂದು ಹಾಳೆಯನ್ನು ತುಂಬಿಸಿದರು. ಒಟ್ಟು ಅಂಕ ೩೫. ಕಡಿಮೆ ಬಂದಷ್ಟೂ ಒಳ್ಳೆಯದು. ನನಗೆ ೨೧ ಬಂದಿತ್ತು. ಎರಡು ಗುಳಿಗೆ ಬರೆದುಕೊಟ್ಟರು. ಮೊದಲನೆಯದು ಟಾಮ್ಸುಲೋಸಿನ್: ಸ್ನಾಯುಗಳನ್ನು ಸಡಿಲಿಸಿ ಕೆಲವೇ ದಿನಗಳಲ್ಲಿ ಗುಣ ತೋರುವಂಥದು. ಎರಡನೆಯದು ಫಿನಾಸ್ಟರೈಡ್: ಗ್ರಂಥಿಯನ್ನೇ ಮೆಲ್ಲಗೆ ಕುಗ್ಗಿಸುವಂಥದು, ಅದರ ಫಲ ಕಾಣಲು ಆರು ತಿಂಗಳಾದರೂ ಬೇಕು. “ಆರು ವಾರ ಬಿಟ್ಟು ತಪ್ಪದೆ ಬರ್ರಿ ಮಾಸ್ತರ್ರ” ಎಂದು ಹೇಳಿ ಕಳಿಸಿದರು.

ಹತ್ತೇ ದಿನಗಳಲ್ಲಿ ನಿದ್ರೆ ಮರಳಿತು. ಅಲ್ಲಿಗೆ ನನ್ನ ತಪ್ಪು ಆರಂಭವಾಯಿತು. ಗುಣವಾದ ಮೇಲೆ ವೈದ್ಯರ ಬಳಿ ಹೋಗಿ ಮಾಡುವುದೇನೆಂದು, ಹಳೆಯ ಚೀಟಿಯನ್ನೇ ಔಷಧದಂಗಡಿಗೆ ತೋರಿಸಿ ತಿಂಗಳು ತಿಂಗಳೂ ಗುಳಿಗೆ ತಂದೆ. ನಸುಕಿನಲ್ಲಿ ಎದ್ದಾಗ ತಲೆ ಸುತ್ತುತ್ತಿತ್ತು. ಒಮ್ಮೆ ಬಾಗಿಲ ಚೌಕಟ್ಟಿಗೆ ಹಣೆ ಬಡಿದು ಗಾಯವಾದಾಗ, ಕಾಲು ಜಾರಿತೆಂದು ಮನೆಯವರಿಗೆ ಸುಳ್ಳು ಹೇಳಿದೆ.

ಹೀಗೆ ಐದು ತಿಂಗಳು ಕಳೆದು ಚಳಿಗಾಲ ಬಂದಿತು. ನೆಗಡಿಯಾಗಿ ಮೂಗು ಕಟ್ಟಿತು. ಯಾರನ್ನೂ ಕೇಳದೆ ಅಂಗಡಿಯಿಂದ ನೆಗಡಿಯ ಗುಳಿಗೆ ತಂದು ಎರಡು ದಿನ ನುಂಗಿದೆ. ಎರಡನೆಯ ರಾತ್ರಿ ಮೂತ್ರ ಸಂಪೂರ್ಣ ಕಟ್ಟಿತು. ಹೊಟ್ಟೆಯ ಕೆಳಭಾಗ ಕಲ್ಲಿನಂತಾಯಿತು. ಆ ನೋವನ್ನು ಶಬ್ದಗಳಲ್ಲಿ ಹೇಳಲಾರೆ. ಎರಡು ಗಂಟೆಯ ರಾತ್ರಿ ಮಗ ಕಾರಿನಲ್ಲಿ ಕರೆದೊಯ್ಯುವಾಗ, ಹಿಂದಿನ ಸೀಟಿನಲ್ಲಿ ನನ್ನ ಕೈ ಹಿಡಿದು ಕುಳಿತಿದ್ದ ಮನೆಯವರು ಒಂದು ಮಾತನ್ನೂ ಆಡಲಿಲ್ಲ. ಆಸ್ಪತ್ರೆಯಲ್ಲಿ ನಳಿಕೆ ಹಾಕಿ ಮೂತ್ರ ತೆಗೆದಾಗಲೇ ಜೀವ ಬಂದಂತಾಯಿತು.

ಬೆಳಗ್ಗೆ ಬಂದ ತಜ್ಞರು ಗದರಲಿಲ್ಲ. “ಮಾಸ್ತರ್ರ, ಆರು ವಾರಕ್ಕ ಬರ್ರಿ ಅಂದಿದ್ದೆ, ಐದು ತಿಂಗಳಿಗೆ ಬಂದೀರಿ” ಎಂದರಷ್ಟೆ. ಮೂಗು ಬಿಡಿಸುವ ಔಷಧ ಮೂತ್ರಕೋಶದ ಬಾಯಿಯ ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ನೆಗಡಿ ನಿಲ್ಲಿಸುವ ಕೆಲವು ಔಷಧಗಳು ಮೂತ್ರಕೋಶದ ಶಕ್ತಿಯನ್ನೇ ಕುಂದಿಸುತ್ತವೆ ಎಂದು ವಿವರಿಸಿದರು. ಆರನೆಯ ವಾರ ಹೋಗಿದ್ದರೆ ಈ ಎಚ್ಚರಿಕೆಯ ಮಾತು ಅಂದೇ ನನಗೆ ದೊರೆಯುತ್ತಿತ್ತೋ ಏನೋ!

ಮೂರು ದಿನಗಳ ಮೇಲೆ ನಳಿಕೆ ತೆಗೆದರು. ದೈವಕೃಪೆಯಿಂದ ಮೂತ್ರ ತಾನಾಗಿ ಹೋಯಿತು. ಅನಂತರದ ಭೇಟಿಗಳಲ್ಲಿ ಮರುತಪಾಸಣೆಯೆಂದರೇನು ಎಂಬುದನ್ನು ಕಲಿತೆ. ಅದೇ ಏಳು ಪ್ರಶ್ನೆಗಳನ್ನು ಮತ್ತೆ ಕೇಳಿ ಅಂಕ ಹೋಲಿಸುತ್ತಾರೆ. ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆಯೆಂದು ಸ್ಕ್ಯಾನ್ ಮಾಡಿ ನೋಡುತ್ತಾರೆ. ಮಲಗಿದಾಗ ಮತ್ತು ನಿಂತಾಗ ರಕ್ತದೊತ್ತಡ ಅಳೆಯುತ್ತಾರೆ. ನನ್ನ ತಲೆಸುತ್ತಿಗೆ ಟಾಮ್ಸುಲೋಸಿನ್ ಕಾರಣವಾಗಿತ್ತು. ರಕ್ತದೊತ್ತಡದ ಗುಳಿಗೆಯೂ ಜೊತೆಗಿದ್ದುದರಿಂದ ಅದು ಹೆಚ್ಚಾಗಿತ್ತು. ಗುಳಿಗೆಯ ವೇಳೆಯನ್ನು ಬದಲಿಸಿ, ಎದ್ದೊಡನೆ ನಿಲ್ಲದೆ ಮಂಚದ ಅಂಚಿನಲ್ಲಿ ತುಸು ಹೊತ್ತು ಕುಳಿತು ಏಳಲು ಹೇಳಿದರು.

ಮತ್ತೊಂದು ಲೆಕ್ಕ ಗಣಿತದ ಮಾಸ್ತರನನ್ನೇ ಬೆರಗುಗೊಳಿಸಿತು. ಪ್ರಾಸ್ಟೇಟಿನ ಕ್ಯಾನ್ಸರಿನ ಸುಳಿವು ತಿಳಿಯಲು ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯುಂಟು. ಫಿನಾಸ್ಟರೈಡನ್ನು ಆರು ತಿಂಗಳಿಂದ ಒಂದು ವರ್ಷ ಸೇವಿಸಿದವರಲ್ಲಿ ಆ ಅಂಕಿ ಸುಮಾರು ಅರ್ಧಕ್ಕಿಳಿಯುತ್ತದೆ. ವರದಿಯಲ್ಲಿ ೩ ಎಂದಿದ್ದರೆ ಅದನ್ನು ಸುಮಾರು ೬ ಎಂದೇ ತಿಳಿಯಬೇಕು. ಈ ಗುಳಿಗೆಯ ಸಂಗತಿಯನ್ನರಿಯದ ಬೇರೊಬ್ಬ ವೈದ್ಯರು ಎಲ್ಲ ಸರಿಯಿದೆಯೆಂದು ಹೇಳಿಬಿಡಬಹುದು. ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ ಗುಳಿಗೆಯ ಚೀಟಿ ಕೈಯಲ್ಲಿರಲಿ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುನ್ನ ಟಾಮ್ಸುಲೋಸಿನ್ ಸೇವಿಸುತ್ತಿರುವುದನ್ನು, ಹಿಂದೆ ಸೇವಿಸಿದ್ದರೂ ಸಹ, ನೇತ್ರವೈದ್ಯರಿಗೆ ಹೇಳಲೇಬೇಕು. ಮನೆಯಲ್ಲಿ ಗರ್ಭಿಣಿಯರಿದ್ದರೆ ಒಡೆದ ಫಿನಾಸ್ಟರೈಡ್ ಗುಳಿಗೆಯನ್ನು ಅವರು ಮುಟ್ಟಬಾರದು. ಈ ಔಷಧಗಳಿಂದ ದಾಂಪತ್ಯಸುಖದಲ್ಲಿ ವ್ಯತ್ಯಾಸವಾದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು; ನಾಚಿ ಗುಳಿಗೆಯನ್ನು ತಾನೇ ನಿಲ್ಲಿಸಬಾರದು.

ಈಗ ನನ್ನ ಅಂಕ ೮. ರಾತ್ರಿ ಒಂದು ಸಲ ಏಳುತ್ತೇನೆ. ಪೂಜೆ ನಿರಾತಂಕವಾಗಿ ಸಾಗುತ್ತದೆ. ವೈದ್ಯರು ಹೇಳಿದಂತೆ ಆರು ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ. ಆ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತಿಸುವವರು ಮನೆಯವರೇ. ಆಸ್ಪತ್ರೆಯಿಂದ ಮರಳಿದ ದಿನ ಅವರು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ಹಾಜರಿ ತಪ್ಪಿಸಿದ ಹುಡುಗರ ಮನಿಗೇ ಹೋಗಿ ಕೇಳ್ತಿದ್ರಿ. ನಿಮ್ಮ ಹಾಜರಿ ತಪ್ಪಿದಾಗ ನನಗರ ಒಂದು ಮಾತು ಹೇಳಬಾರದಿತ್ತೇನ್ರಿ?”

ನನ್ನಲ್ಲಿ ಉತ್ತರವಿರಲಿಲ್ಲ. ನನ್ನಂತೆ ಗುಳಿಗೆ ಆರಂಭಿಸಿ ಸುಮ್ಮನಿರುವ ಹಿರಿಯರು ತಮ್ಮ ಮನೆಯಲ್ಲಿಯೂ ಇರಬಹುದು. ದಯಮಾಡಿ ಅವರನ್ನು ಇಂದೇ ಕೇಳಿರಿ: ಮತ್ತೆ ವೈದ್ಯರನ್ನು ಕಾಣುವ ದಿನ ಯಾವುದು?