ಅರ್ಜಿಯ ಪ್ರತಿ

ಜಗತ್ತಿನ ಮುಂದಾಳು ಆಗಬೇಕಾದ್ರೆ ಇಂಗ್ಲಿಷ್ ಬೇಕು, ಕೋಟು ಬೇಕು, ಪರದೇಶದವರ ರೀತಿ ರಿವಾಜು ಗೊತ್ತಿರಬೇಕು ಅಂತಾರೆ. ಕೇರಿಯಿಂದ ಮೊದಲ ಸಲ ಡಿಗ್ರಿ ಮುಗಿಸಿದ ನಮಗೆ ಇದನ್ನೇ ತರಬೇತಿ ಅಂತ ಮಾರ್ತಾರೆ. ಇಂಗ್ಲಿಷ್ ನಮಗೆ ಬೇಕೇ ಬೇಕು. ಆದರೆ ಅದರಲ್ಲಿ ಯಾರಿಗೆ, ಏನು ಬರೀತೀವಿ?

1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಓದಲು ಹೋದ ಬಾಬಾಸಾಹೇಬರು, 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡು ಬಾಯ್ಸ್ ಅವರಿಗೆ ಕಾಗದ ಬರೆದರು. ನಿಮ್ಮ ಜನ ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಕಳಿಸಿ, ನಾವೂ ಆ ದಾರಿ ಹಿಡಿಯುವ ಯೋಚನೆಯಲ್ಲಿದ್ದೇವೆ ಎಂದು. ಅಷ್ಟು ಓದಿದವರು ಉಪದೇಶ ಮಾಡಲಿಲ್ಲ, ಕೇಳಿದರು. ಡು ಬಾಯ್ಸ್ ಉತ್ತರಿಸಿದರು.

1959ರಲ್ಲಿ ಕೇರಳದ ಶಾಲೆಯೊಂದರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಅಮೆರಿಕದ ಅಸ್ಪೃಶ್ಯ ಎಂದು ಮಕ್ಕಳಿಗೆ ಪರಿಚಯಿಸಿದರು. ಮೊದಲು ಅವರಿಗೆ ಇರುಸುಮುರುಸಾಯಿತು. ಆಮೇಲೆ ತಮ್ಮ ಜನರ ಬದುಕು ನೆನೆದು, ಹೌದು, ನಾನೂ ಅಸ್ಪೃಶ್ಯನೇ ಅಂದುಕೊಂಡರು. 1972ರಲ್ಲಿ ಮುಂಬಯಿಯ ದಲಿತ ಹುಡುಗರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ನೋಡಿ ತಮ್ಮನ್ನು ದಲಿತ ಪ್ಯಾಂಥರ್ ಎಂದು ಕರೆದುಕೊಂಡರು. ಗಾಯಕ್ಕೆ ಗಾಯದ ಗುರುತು ಹತ್ತಿತು.

ಗೆಳೆಯರೇ, ಬಾಬಾಸಾಹೇಬರ ಕಾಗದ ಸಮುದ್ರ ದಾಟಿತು. ನಮ್ಮ ಹೊಲಗೇರಿಯಿಂದ ಮಾದಿಗೇರಿಗೆ ಎಷ್ಟು ಮಾರು ದೂರ? ಒಳಮೀಸಲಾತಿ ಕೇಳಿ ಮಾದಿಗ ಬಂಧುಗಳು ದಶಕಗಟ್ಟಲೆ ಅರ್ಜಿ ಹಿಡಿದು ಬೀದಿಯಲ್ಲಿ ನಿಂತರು. ಆ ಅರ್ಜಿಯ ಪ್ರತಿಯನ್ನು ನಮ್ಮೊಳಗೆ ಎಷ್ಟು ಮಂದಿ ಕೇಳಿ ಪಡೆದು ಓದಿದ್ದಾರೆ? ಪಕ್ಕದ ಕೇರಿಯ ಮಾತು ಕೇಳದ ಕಿವಿಗೆ ನ್ಯೂಯಾರ್ಕು ಕೇಳುವುದಿಲ್ಲ. ನಾಯಕತ್ವದ ಮೊದಲ ಪಾಠ ಆ ಬಾಗಿಲಲ್ಲಿ ನಿಂತು, ಅಣ್ಣಾ, ಅಕ್ಕಾ, ನಿಮ್ಮ ಅರ್ಜಿ ಕೊಡಿ ಅನ್ನೋದು.